ಉಪ್ಪಾರಹಳ್ಳಿಯ ಮನೆಗೆ ಬಂದ ಕಾಫಿ ಮಿಷಿನ್

ನನ್ನ ಹೆಂಡತಿ ಗುಬ್ಬಿಯವಳು. ಮದುವೆಯಾಗಿ ತುಮಕೂರಿಗೆ ಬಂದಾಗಿನಿಂದ ಅವಳಿಗಿದ್ದ ಆಸೆ ಒಂದೇ, ಸ್ವಂತದ್ದೊಂದು ಕಾಫಿ ಅಂಗಡಿ. ನಾನು ಮರಳೂರಿನಲ್ಲಿ ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದೆ. ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ನನ್ನ ಕಸುಬು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾಲೇಜೊಂದರ ಎದುರು ಪುಟ್ಟ ಮಳಿಗೆ ಸಿಕ್ಕಿತು. ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಹೋಟೆಲಿನಿಂದ ಎಸ್ಪ್ರೆಸೊ ಮಿಷಿನ್ ತಂದು ಅಲ್ಲಿಟ್ಟೆವು. ನಾಲ್ಕಾಳು ಹೊರುವಷ್ಟು ಭಾರದ, ಇಟಲಿಯಿಂದ ಬಂದ ಹಳೇ ಯಂತ್ರ.

ಅದನ್ನು ನಡೆಸುವುದನ್ನು ಅವಳು ತಾನೇ ಕಲಿತಳು. ಮೊದಮೊದಲು ಜನ ನಕ್ಕರು. ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರೊಬ್ಬರು ಆ ಗುಟುಕು ಕಾಫಿಯ ಬಟ್ಟಲನ್ನು ಎತ್ತಿ ನೋಡಿ, "ಏನವ್ವಾ, ಕಾಫಿ ಕೇಳುದ್ರೆ ಕಷಾಯ ಕೊಟ್ಟಿದೀಯ?" ಅಂದಿದ್ದರು. ಅವಳು ಅದಕ್ಕೇ ಬಿಸಿ ಹಾಲಿನ ನೊರೆ ತುಂಬಿಸಿ, ಮೇಲೆ ಸಕ್ಕರೆ ಉದುರಿಸಿ ಕೊಟ್ಟಳು. ಮರುದಿನ ಅವರು ತಮ್ಮ ಜೊತೆ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಅಂಗಡಿ ನಿಂತಿತು. ಕೆಲಸಕ್ಕೆ ಕುಣಿಗಲ್ ಕಡೆಯ ಹೆಣ್ಣುಮಗಳೊಬ್ಬಳು ಸೇರಿಕೊಂಡಳು. ನನ್ನ ಹೆಂಡತಿಯನ್ನು ಅಕ್ಕ ಅಂತಲೂ ನನ್ನನ್ನು ಅಣ್ಣ ಅಂತಲೂ ಕರೆಯುತ್ತಿದ್ದಳು.

ಕೆಲವು ವರ್ಷ ಹೀಗೆ ಚೆನ್ನಾಗಿ ನಡೆಯಿತು. ಆಮೇಲೆ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಗೆ ಓಡಾಟ ಶುರುವಾಯಿತು. ಕಿಮೋ ಕೊಡಿಸಿಕೊಂಡು ಬಂದರೆ ವಾರಗಟ್ಟಲೆ ಮೇಲೇಳುತ್ತಿರಲಿಲ್ಲ. ಅಂಗಡಿ ಬಿಟ್ಟುಕೊಟ್ಟೆವು. ಮಿಷಿನ್ನು ಮಾತ್ರ ಮಾರಬೇಡಿ ಎಂದು ಅವಳು ಹಟ ಹಿಡಿದಳು. ಉಪ್ಪಾರಹಳ್ಳಿಯ ನಮ್ಮ ಮನೆಯ ಹಜಾರದಲ್ಲಿ ಅದನ್ನು ಇಳಿಸಿ ಟಾರ್ಪಾಲು ಹೊದಿಸಿದೆ.

ಒಂದು ಬೆಳಿಗ್ಗೆ ದಿಂಬಿಗೆ ಒರಗಿ ಕೂತು ಅವಳು ಕೇಳಿದಳು, "ರೀ, ಇದನ್ನ ಮನೇಲೇ ಓಡ್ಸಕ್ಕಾಗುತ್ತಾ?"

"ಅದು ತ್ರೀ ಫೇಸ್ ಮಿಷಿನ್ ಕಣೇ. ಮನೆ ಕರೆಂಟು ತಡ್ಯಲ್ಲ."

"ಊರೋರ ಮೋಟಾರೆಲ್ಲಾ ಸುತ್ತಿ ಕೊಡ್ತೀರ. ನನ್ನ ಮಿಷಿನ್ ಆಗಲ್ವಾ?"

ಅವಳ ಕಾಯಿಲೆಯ ಮುಂದೆ ನನ್ನ ಕೈಯಲ್ಲಿ ಏನೂ ನಡೆಯುತ್ತಿರಲಿಲ್ಲ. ಡಾಕ್ಟರು ಹೇಳಿದ್ದಕ್ಕೆ ತಲೆಯಾಡಿಸುವುದು, ಮಾತ್ರೆ ಎಣಿಸಿ ಕೊಡುವುದು, ಅಷ್ಟೇ. ಇದೊಂದು ಕೆಲಸ ನನಗೆ ಗೊತ್ತಿತ್ತು. ಅವತ್ತೇ ಟಾರ್ಪಾಲು ಎಳೆದು ಸ್ಕ್ರೂಡ್ರೈವರ್ ಹಿಡಿದೆ.

ಒಳಗೆ ನೋಡಿದರೆ ನೀರು ಕಾಯಿಸುವ ಬಾಯ್ಲರಿನ ಗೋಡೆಗೆಲ್ಲ ಬೋರ್‌ವೆಲ್ ನೀರಿನ ಸುಣ್ಣ ಮೊಸರಿನ ಕೆನೆಯ ಹಾಗೆ ಕಟ್ಟಿಕೊಂಡಿತ್ತು. ನಿಂಬೆಉಪ್ಪು ಕರಗಿಸಿದ ನೀರು ತುಂಬಿಸಿಟ್ಟು, ಮತ್ತೆ ಮತ್ತೆ ತೊಳೆದು ಅದನ್ನು ಬಿಡಿಸಿದೆ. ಪುಡಿಪುಡಿಯಾಗಿದ್ದ ರಬ್ಬರ್ ಗ್ಯಾಸ್ಕೆಟ್ಟುಗಳನ್ನು ಕಿತ್ತು ಹೊಸದು ಕೂರಿಸಿದೆ. ಬಾಯ್ಲರಿನಲ್ಲಿ ನೀರು ಬಿಸಿಮಾಡುವ ಮೂರು ಕಾಯಿಲುಗಳಿದ್ದವು, ಒಂದೊಂದು ಫೇಸಿಗೆ ಒಂದೊಂದು. ಮೂರನ್ನೂ ಮನೆಯ ಒಂದೇ ಲೈನಿಗೆ ಹಾಕಿದರೆ ವೈರು ಉರಿದುಹೋಗುತ್ತಿತ್ತು. ಎರಡನ್ನು ಬಿಡಿಸಿ ಒಂದನ್ನು ಮಾತ್ರ ಉಳಿಸಿಕೊಂಡೆ. ನೀರೆತ್ತುವ ಮೋಟಾರನ್ನು ಮರಳೂರಿನ ಅಂಗಡಿಗೆ ಒಯ್ದು, ಸಿಂಗಲ್ ಫೇಸಿಗೆ ಓಡುವ ಹಾಗೆ ಹೊಸದಾಗಿ ಸುತ್ತಿದೆ. ಮೀಟರ್ ಬೋರ್ಡಿನಿಂದ ಹಜಾರಕ್ಕೆ ಬೇರೆಯೇ ದಪ್ಪ ವೈರು ಎಳೆದೆ. ಒತ್ತಡ ಹೆಚ್ಚಾದರೆ ಹಬೆಯನ್ನು ಹೊರಬಿಡುವ ವಾಲ್ವನ್ನು ಬಿಚ್ಚಿ, ಸರಿಯಾಗಿ ತೆರೆಯುತ್ತದೆಂದು ಖಾತ್ರಿಯಾಗುವವರೆಗೂ ಪರೀಕ್ಷಿಸಿದೆ.

ಶಾಕ್ ಹೊಡೆಯದಿರಲೆಂದು ಹಿತ್ತಿಲಲ್ಲಿ ಅರ್ತಿಂಗ್ ಗುಂಡಿ ತೋಡಿ ಇದ್ದಿಲು, ಉಪ್ಪು ಸುರಿಯುವಾಗ ಅವಳು ಸ್ವೆಟರ್ ಹಾಕಿಕೊಂಡು ಬಾಗಿಲಿಗೆ ಬಂದು ನಿಂತಳು. ಚೊಂಬಿನಲ್ಲಿ ನೀರು ತಂದು ತಾನೇ ಗುಂಡಿಗೆ ಹೊಯ್ದಳು. "ಸಸಿ ನೆಟ್ಟಂಗಾಯ್ತು," ಅಂದಳು. ಬಹಳ ದಿನದ ಮೇಲೆ ಅವಳು ನಕ್ಕಿದ್ದು ಅವತ್ತೇ.

ಒಂದು ಮಧ್ಯಾಹ್ನ ಸ್ವಿಚ್ಚು ಹಾಕಿದೆ. ಒಂದೇ ಕಾಯಿಲಾದ್ದರಿಂದ ನೀರು ಕಾಯಲು ಬಹಳ ಹೊತ್ತು ಹಿಡಿಯಿತು. ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಮೇಲೇರಿತು. ಹಿಡಿಯಿರುವ ಸೋಸುಬಟ್ಟಲಿಗೆ ಪುಡಿ ಒತ್ತಿ, ಅದನ್ನು ಮಿಷಿನ್ನಿಗೆ ತಿರುಗಿಸಿ ಕೂರಿಸಿದೆ. ಸಣ್ಣ ಬಟ್ಟಲಿಗೆ ಜೇನಿನ ಹಾಗೆ ಕಾಫಿ ಇಳಿಯಿತು. ಮನೆಯೆಲ್ಲ ಘಮ್ಮೆಂದಿತು. ತಂದು ಅವಳ ಕೈಗಿಟ್ಟೆ. ಅವಳು ಬಟ್ಟಲನ್ನು ತುಟಿಗೆ ಸೋಕಿಸಿ, "ಚೆನ್ನಾಗಿದೆ ಕಣ್ರೀ," ಅಂದಳು. ಸ್ವಲ್ಪ ಹೊತ್ತಿಗೆ ಎದ್ದು ಬಚ್ಚಲಿಗೆ ಹೋದಳು. ನಲ್ಲಿ ಜೋರಾಗಿ ಸುರಿಯುವ ಸದ್ದು ಕೇಳಿಸಿತು.

ಮರುದಿನವೂ ಹಾಗೇ ಆಯಿತು. ಅದರ ಮಾರನೇ ದಿನ ನಾನು ಬಚ್ಚಲ ಬಾಗಿಲ ಹತ್ತಿರ ಹೋಗಿ ನಿಂತೆ. ನಲ್ಲಿಯ ಸದ್ದಿನ ಒಳಗೆ ಅವಳು ವಾಂತಿ ಮಾಡುವುದು ಕೇಳಿಸುತ್ತಿತ್ತು. ಹೊರಗೆ ಬಂದವಳು ನನ್ನನ್ನು ನೋಡಿ ಗೋಡೆ ಹಿಡಿದುಕೊಂಡಳು.

"ಯಾವಾಗಿಂದ ಹಿಂಗೆ?"

"ಕಿಮೋ ಶುರುವಾದಾಗಿಂದ. ಕಾಫಿ ವಾಸ್ನೆ ಅಂದ್ರೇ ಆಗಲ್ಲ. ಸುಟ್ಟ ರಬ್ಬರ್ ಥರ ಹೊಡಿಯುತ್ತೆ."

"ಮತ್ತೆ ಓಡ್ಸಿ ಅಂತ ಯಾಕೆ ಕೇಳ್ದೆ?"

"ಮಿಷಿನ್ ಎದ್ರೆ ನಂಗೂ ವಾಸ್ನೆ ಸರಿಹೋಗುತ್ತೆ ಅಂದ್ಕೊಂಡಿದ್ದೆ," ಅಂದಳು. "ಆಮೇಲೆ ನಿಮ್ಮ ಮುಖ ನೋಡಿ ಹೇಳಕ್ಕಾಗ್ಲಿಲ್ಲ ಕಣ್ರೀ."

ನಾನು ಪುಡಿಯ ಡಬ್ಬವನ್ನು ಪಕ್ಕದ ಮನೆಗೆ ಕೊಟ್ಟುಬಂದೆ. ಮಿಷಿನ್ನಿಗೆ ಮತ್ತೆ ಟಾರ್ಪಾಲು ಹೊದಿಸಲು ಹೋದಾಗ ಅವಳು ತಡೆದಳು. "ಮುಚ್ಬೇಡಿ. ಪುಡಿ ಇಲ್ದೆ ಬರೀ ನೀರು ಕಾಯ್ಸಿ, ಹಬೆ ಬಿಡಿ. ಆ ಸದ್ದು ಕೇಳುದ್ರೆ ಅಂಗ್ಡೀಲಿದ್ದಂಗೆ ಇರುತ್ತೆ."

ಹಾಗೆ ಶುರುವಾಯಿತು. ಸಂಜೆಯಾದರೆ ನಮ್ಮ ಬೀದಿಯಲ್ಲಿ ವೋಲ್ಟೇಜ್ ಬಿದ್ದುಹೋಗುತ್ತಿತ್ತು, ಅದಕ್ಕೆ ಮಧ್ಯಾಹ್ನವೇ ನೀರು ಕಾಯಿಸುತ್ತಿದ್ದೆ. ಅವಳು ಕುರ್ಚಿಯ ಮೇಲೆ ಕೂತು ಜಗ್ಗಿನ ಹಾಲಿಗೆ ಹಬೆಯ ಕೊಳವೆ ಇಳಿಬಿಡುತ್ತಿದ್ದಳು. ಹಾಲಿನ ವಾಸನೆ ಅವಳಿಗೆ ಆಗುತ್ತಿತ್ತು. ಬಾದಾಮಿ ಪುಡಿ, ಏಲಕ್ಕಿ ಹಾಕಿ ನೊರೆ ಎಬ್ಬಿಸಿದರೆ ಬೀದಿಯ ಹೆಂಗಸರು ಲೋಟ ಹಿಡಿದು ಬರುತ್ತಿದ್ದರು. "ಯಾರಿಗೆ ಸಕ್ಕರೆ ಕಮ್ಮಿ?" ಅಂತ ಕೇಳುವಾಗ ಅವಳ ದನಿ ಅಂಗಡಿಯ ದನಿಯೇ ಆಗಿರುತ್ತಿತ್ತು. ಅಷ್ಟು ಹೊತ್ತು ಯಾರೂ ಅವಳ ಕಾಯಿಲೆಯ ಸುದ್ದಿ ಎತ್ತುತ್ತಿರಲಿಲ್ಲ.

ದಿನ ಕಳೆದಂತೆ ಹಬೆಯ ತಿರುಪು ತಿರುಗಿಸಲು ಅವಳ ಕೈಯಲ್ಲಿ ಶಕ್ತಿ ಉಳಿಯಲಿಲ್ಲ. ನಾನು ತಿರುಪು ಹಿಡಿಯುತ್ತಿದ್ದೆ, ಅವಳು ಕಣ್ಣು ಮುಚ್ಚಿ ಸದ್ದು ಕೇಳಿ, "ಈಗ ನಿಲ್ಸಿ" ಅನ್ನುತ್ತಿದ್ದಳು. ಕೊನೆಗೆ ಒಂದು ದಿನ, "ಅವ್ವನ ಹತ್ರ ಕರ್ಕೊಂಡು ಹೋಗಿ," ಅಂದಳು. ಗುಬ್ಬಿಗೆ ಕರೆದುಕೊಂಡು ಹೋದೆ. ಅವ್ವನ ಮಂಚದ ಮೇಲೆ, ಬೆಳಗಿನ ಬಿಸಿಲು ಕಿಟಕಿಗೆ ಬಂದ ಹೊತ್ತಲ್ಲಿ, ಅವಳು ಹೋದಳು. ಅತ್ತೆ ಮಗಳ ಪಾದಗಳನ್ನು ಉಜ್ಜುತ್ತಲೇ ಇದ್ದರು. "ತಣ್ಣಗವೆ, ಬಿಸಿ ನೀರು ತನ್ನಿ ಅಳಿಯಂದ್ರೇ," ಅನ್ನುತ್ತಿದ್ದರು. ನಾನು ಹೋಗಿ ನಿಜವಾಗಿಯೂ ಬಿಸಿ ನೀರು ತಂದೆ.

ಕಾರ್ಯಗಳೆಲ್ಲ ಮುಗಿದು ಮನೆಗೆ ಬಂದಾಗ ಮಿಷಿನ್ನಿನ ಬಾಯ್ಲರಿನಲ್ಲಿ ನೀರು ಹಾಗೇ ಇತ್ತು. ಅವಳು ಮನೆಯಲ್ಲಿದ್ದಾಗ ತುಂಬಿಸಿದ ನೀರು. ಬಹಳ ದಿನ ನಿಲ್ಲಿಸಿದರೆ ಒಳಗೆ ಹಾಳಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ನೀರನ್ನು ಹೊರಗೆ ಬಿಡಲು ಮನಸ್ಸು ಬರಲಿಲ್ಲ.

ಮಳೆಗಾಲ ಮುಗಿಯುವಾಗ, ಅಂಗಡಿಯಲ್ಲಿ ಕೆಲಸಕ್ಕಿದ್ದ ಕುಣಿಗಲ್ಲಿನ ಆ ಹೆಣ್ಣುಮಗಳು ಬಂದಳು. ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿ ಹಿಡಿದಿದ್ದಳು. ಮಾತಾಡುತ್ತ ಹಜಾರದ ಮಿಷಿನ್ನಿನ ಕಡೆಗೇ ನೋಡುತ್ತಿದ್ದಳು.

"ಅಕ್ಕ ನಂಗೆ ಒಂದ್ಸಲ ಹೇಳಿದ್ರು ಅಣ್ಣ, ನೀನು ಅಂಗ್ಡಿ ಮಾಡುದ್ರೆ ನನ್ನ ಮಿಷಿನ್ ತಗೊಂಡು ಹೋಗು ಅಂತ. ನಿಮಗೆ ಕಷ್ಟ ಆದ್ರೆ ಬ್ಯಾಡ."

"ತಗೊಂಡು ಹೋಗವ್ವ," ಅಂದೆ. "ಮೊದ್ಲು ತ್ರೀ ಫೇಸಿಗೆ ಮಾಡಿಕೊಡ್ತೀನಿ."

ಆ ಹೆಣ್ಣುಮಗಳು ಊರಿಗೆ ಹೊರಟ ಮೇಲೆ ಬಕೆಟ್ ಇಟ್ಟು ಬಾಯ್ಲರಿನ ಕೆಳಗಿನ ನಲ್ಲಿ ಬಿಚ್ಚಿದೆ. ನೀರು ಸಣ್ಣಗೆ, ಬಹಳ ಹೊತ್ತು ಇಳಿಯಿತು. ಅದನ್ನು ಚರಂಡಿಗೆ ಚೆಲ್ಲಲಾರದೆ ಹಿತ್ತಿಲ ಕನಕಾಂಬರದ ಗಿಡಗಳಿಗೆ ಹೊಯ್ದೆ. ಆಮೇಲೆ ನಾನೇ ಹಾಕಿದ್ದ ವೈರುಗಳನ್ನು ಒಂದೊಂದಾಗಿ ಕಿತ್ತೆ. ಮೋಟಾರನ್ನು ಮರಳೂರಿಗೆ ಒಯ್ದೆ. ಹೆಂಡತಿಗೆಂದು ಸುತ್ತಿದ ತಂತಿಯನ್ನು ಅದರಿಂದ ಕತ್ತರಿಸಿ ತೆಗೆಯುವಾಗ ಕೈ ಓಡಲಿಲ್ಲ. ಅಂಗಡಿಯ ಷಟರ್ ಎಳೆದುಕೊಂಡು ಒಳಗೆ ಕೂತು ಅತ್ತೆ. ಅತ್ತು, ಎದ್ದು, ಮೋಟಾರನ್ನು ತ್ರೀ ಫೇಸಿಗೆ ಹೊಸದಾಗಿ ಸುತ್ತಿದೆ. ಬಿಡಿಸಿಟ್ಟಿದ್ದ ಎರಡು ಕಾಯಿಲುಗಳನ್ನೂ ಮತ್ತೆ ಸೇರಿಸಿದೆ.

ಮಿಷಿನ್ನನ್ನು ಲಗೇಜ್ ಆಟೋದಲ್ಲಿ ಕುಣಿಗಲ್ಲಿಗೆ ಒಯ್ದು ಕೂರಿಸಿದೆವು. ಮೂರು ಕಾಯಿಲೂ ಕಾದು ನೀರು ಬೇಗ ಕುದಿಯಿತು. ಮೊದಲ ಕಾಫಿಯನ್ನು ಆ ಹೆಣ್ಣುಮಗಳು ನನಗೇ ಕೊಟ್ಟಳು.

"ಹೆಂಗಿದೆ ಅಣ್ಣ?"

"ಸರಿಯಾಗಿದೆ," ಅಂದೆ. ನಿಜವಾಗಿಯೂ ಸರಿಯಾಗಿತ್ತು. ಅಲ್ಲಿ ನಿಲ್ಲಲಾಗಲಿಲ್ಲ.

ತುಮಕೂರಿನ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಹುತ್ರಿದುರ್ಗದ ಕಡೆಯ ಅಜ್ಜಿಯೊಬ್ಬರು ಅವರೆಕಾಯಿಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಮಗಳ ಮನೆಗೆ ಹೊರಟಿದ್ದರು. ನನ್ನ ಮುಖ ನೋಡಿ, "ಯಾರು ಹೋದ್ರಪ್ಪಾ?" ಅಂದರು.

"ಹೆಂಡ್ತಿ," ಅಂದೆ.

"ಅತ್ತುಬುಡು ಮಗ. ಒಳಗೆ ಮಡೀಕಬ್ಯಾಡ."

ಅವಳು ಹೋದ ಮೇಲೆ ನಾನು ಯಾರ ಹತ್ತಿರವೂ ಅವಳ ಮಾತು ಆಡಿರಲಿಲ್ಲ. ಅವತ್ತು ಆ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಬಸ್ಸು ತುಮಕೂರಿಗೆ ಬಂದು ನಿಂತಿತು, ಜನ ಇಳಿದರು. ನನ್ನ ಮಾತು ಮುಗಿಯುವವರೆಗೂ ಅವರು ಸೀಟು ಬಿಟ್ಟು ಏಳಲಿಲ್ಲ.