ಹನ್ನೆರಡು ದಿನದ ಗುಳಿಗೆ

ಶಿರಾದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ನಲವತ್ತೇಳು ತುಂಬುವ ಹೊತ್ತಿಗೆ ನನ್ನ ಮುಟ್ಟು ಲೆಕ್ಕ ತಪ್ಪಿತು. ಮಷೀನಿನ ಮುಂದೆ ಕೂತಿದ್ದಂತೆಯೇ ಮೈಯೆಲ್ಲ ಕಾವು ಏರಿ, ಹೊಲಿಯುತ್ತಿದ್ದ ಬಟ್ಟೆಯ ಮೇಲೆ ಬೆವರು ತೊಟ್ಟಿಕ್ಕುತ್ತಿತ್ತು. ತುಮಕೂರಿನ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ದಿನವೂ ತೋಳಿಗೆ ಸವರಲು ಈಸ್ಟ್ರೋಜೆನ್ ಹಾರ್ಮೋನಿನ ಒಂದು ಜೆಲ್, ತಿಂಗಳಲ್ಲಿ ಹನ್ನೆರಡು ದಿನ ನುಂಗಲು ಪ್ರೊಜೆಸ್ಟರಾನ್ ಗುಳಿಗೆ ಬರೆದುಕೊಟ್ಟರು. ಜೆಲ್ಲಿನಿಂದ ಗರ್ಭಕೋಶದ ಒಳಪದರ ದಪ್ಪವಾಗದಂತೆ ಕಾಯುವುದು ಆ ಗುಳಿಗೆಯ ಕೆಲಸವಂತೆ.

ಬೆವರು ತಗ್ಗಿತು. ಆದರೆ ಗುಳಿಗೆ ಶುರುವಾದ ಮೂರನೇ ದಿನ, ಬೆಳಗಿನ ಹೊತ್ತಿನಲ್ಲೇ ಕತ್ತರಿ ಹಿಡಿದ ಕೈ ಭಾರವಾಗತೊಡಗಿತು. ಕಣ್ಣು ತೆರೆದೇ ಇತ್ತು, ತಲೆ ಮಾತ್ರ ಎಲ್ಲೋ ತೇಲುತ್ತಿತ್ತು. ಹಾಗೆಯೇ ಒಂದು ರವಿಕೆ ಕತ್ತರಿಸಿ ಹೊಲಿದು ಮುಗಿಸಿದೆ.

ಮರುದಿನ ಅದನ್ನು ಒಯ್ಯಲು ಬಂದವರು ಪಕ್ಕದ ಹಳ್ಳಿಯ ಕುರಿ ಸಾಕುವ ಮನೆಯ ಹಿರಿಯಮ್ಮ. ಪರದೆಯ ಹಿಂದೆ ತೊಟ್ಟು ನೋಡಿ, ಕೈ ಎತ್ತಲಾಗದೆ ಹೊರಗೆ ಬಂದರು.

"ಇದೇನವ್ವಾ, ಎಲ್ಡು ತೋಳೂ ಬಲಗೈಗೇ ಮಾಡ್ಬುಟ್ಟಿದ್ದೀಯ?"

ನೋಡಿದರೆ ಹೌದು. ಇಪ್ಪತ್ತು ವರ್ಷದಲ್ಲಿ ಇಂಥ ತಪ್ಪು ಮಾಡಿದವಳಲ್ಲ. ನಾಚಿಕೆಯಿಂದ ಗುಳಿಗೆಯ ವಿಷಯ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು.

"ನಂಗೂ ನಿನ್ ವಯಸ್ನಾಗೆ ಮೈ ಉರೀತಿತ್ತು ಕಣಮ್ಮ. ಗುಳಿಗೆ ಗಿಳಿಗೆ ಯಾರು ಕೊಡೋರು? ಕೆರೆ ನೀರಾಗೆ ನಿಂತ್ಕಂತಿದ್ದೆ. ಅಂಗಾದ್ರೆ ಅದು ನುಂಗಿದ್ರೆ ಏನೇನಾಗ್ತದೆ?"

ಗಮನಿಸಿ ಹೇಳುತ್ತೇನೆಂದು, ತೋಳು ಬದಲಿಸಲು ರವಿಕೆಯನ್ನು ಇಟ್ಟುಕೊಂಡೆ. ಅವರು ಹೋದ ಮೇಲೆ, ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ನನ್ನ ಅಳತೆಯನ್ನೇ ಬರೆಯಲು ಶುರುಮಾಡಿದೆ. ಗುಳಿಗೆಯ ಆರನೇ ದಿನಕ್ಕೆ ಸೊಂಟ ಒಂದೂವರೆ ಇಂಚು ಹೆಚ್ಚಿತ್ತು. ಎದೆ ಟೇಪು ತಾಗಿದರೂ ನೋಯುತ್ತಿತ್ತು. ಒಂಬತ್ತನೇ ದಿನ ಒಂದು ಜಿಪ್ ಕಿತ್ತುಬಂತೆಂದು ಅತ್ತುಬಿಟ್ಟೆ. ಗುಳಿಗೆ ನಿಂತ ನಾಲ್ಕನೇ ದಿನ ಸೊಂಟ ಮೊದಲಿನ ಅಳತೆಗೇ ಬಂತು. ಸಂಕಟದ ನಡುವೆಯೂ ನನಗೆ ಆಶ್ಚರ್ಯವಾಯಿತು: ಇಷ್ಟು ಚಿಕ್ಕ ಗುಳಿಗೆ ಇಷ್ಟು ಕಡೆ ಹೇಗೆ ಕೈಯಾಡಿಸುತ್ತದೆ?

ಎದುರು ಮನೆಯಲ್ಲಿರುವ ನನ್ನ ಅಕ್ಕ, ನಾವು ಆಪಾ ಎನ್ನುತ್ತೇವೆ, ಹಾಳೆ ನೋಡಿ ಗಾಬರಿಯಾದಳು. "ಬಿಟ್ಟುಬಿಡು ಅದನ್ನ. ಜೆಲ್ ಒಂದೇ ಹಚ್ಕೋ, ಸಾಕು."

"ಜೆಲ್ ಹಚ್ಕೊಂಡು ಗುಳಿಗೆ ಬಿಡ್ಬಾರ್ದಂತೆ ಆಪಾ. ಕೇಳಿ ಬರ್ತೀನಿ," ಎಂದೆ.

ಡಾಕ್ಟರಮ್ಮ ನನ್ನ ಹಾಳೆಯನ್ನು ಪೂರ್ತಿ ಓದಿದರು. ಆಮೇಲೆ ಕೇಳಿದರು: "ಗುಳಿಗೆ ಯಾವಾಗ ತಗೋತೀರ?"

"ಬೆಳಿಗ್ಗೆ, ತಿಂಡಿ ಆದ ಮೇಲೆ. ಮರೆತುಹೋಗ್ಬಾರ್ದು ಅಂತ."

"ಅಲ್ಲೇ ಎಡವಟ್ಟಾಗಿರೋದು. ಇದು ನಿದ್ದೆ ತರಿಸೋ ಗುಳಿಗೆ. ಮಲಗೋ ಹೊತ್ತಿಗೆ ತಗೊಳ್ಳಿ ಅಂತ ಚೀಟೀಲಿ ಬರೆದಿದ್ದೆ. ತಿಂಡಿ ಊಟದ ಜೊತೆ ತಗೊಂಡ್ರೆ ರಕ್ತಕ್ಕೆ ಇನ್ನೂ ಜಾಸ್ತಿ ಸೇರಿ ಮಂಪರು ಹೆಚ್ಚುತ್ತೆ."

ಚೀಟಿ ತೆಗೆದು ನೋಡಿದೆ. ಬರೆದೇ ಇತ್ತು. ಅಳತೆಯ ಒಂದಂಕಿಯನ್ನೂ ಬಿಡದೆ ಓದುವ ನಾನು ಅದನ್ನು ಓದಿರಲಿಲ್ಲ. ಹೊಟ್ಟೆಯುಬ್ಬರ, ಎದೆನೋವು ಕೆಲವು ತಿಂಗಳಲ್ಲಿ ತಗ್ಗಬಹುದು, ಮನಸ್ಸು ತೀರಾ ಕುಗ್ಗಿದರೆ ಕಾಯದೆ ಬನ್ನಿ, ಬೇರೆ ದಾರಿಯಿದೆ ಎಂದರು.

ರಾತ್ರಿ ಊಟ ಬೇಗ ಮುಗಿಸಿ, ಇಶಾ ನಮಾಜಿನ ನಂತರ ಹಾಸಿಗೆಗೆ ಹೋಗುವಾಗ ನುಂಗತೊಡಗಿದೆ. ಬೆಳಿಗ್ಗೆ ಎಂಟಕ್ಕೆಲ್ಲ ತಲೆ ತಿಳಿಯಾಗಿರುತ್ತದೆ. ವರ್ಷದಿಂದ ಕಾಣದಿದ್ದ ನಿದ್ದೆಯೂ ಬರುತ್ತದೆ. ಮೂರನೇ ತಿಂಗಳಿಗೆ ಸೊಂಟದ ಏರಿಕೆ ಅರ್ಧ ಇಂಚಿಗಿಳಿಯಿತು. ಗುಳಿಗೆಯ ದಿನಗಳಿಗೆಂದೇ ಸಡಿಲವಾದ ಎರಡು ಕುರ್ತಾ ಹೊಲಿದುಕೊಂಡಿದ್ದೇನೆ.

ಅಳು ಮಾತ್ರ ಪೂರ್ತಿ ಹೋಗಿಲ್ಲ. ಒಂಬತ್ತನೇ ದಿನ ಇಲ್ಲವೇ ಹತ್ತನೇ ದಿನ, ಮಧ್ಯಾಹ್ನದ ಸುಮಾರಿಗೆ, ಕಾರಣವಿಲ್ಲದೆ ಬಂದು ಗಳಿಗೆಯಲ್ಲಿ ಹೋಗುತ್ತದೆ. ಈಗ ಹೆದರುವುದಿಲ್ಲ. ಆದರೆ ಆ ದಿನಗಳಲ್ಲೇ ಯಾಕೆ? ಡಾಕ್ಟರಮ್ಮನನ್ನು ಕೇಳಲು ಬರೆದಿಟ್ಟುಕೊಂಡಿದ್ದೇನೆ.