ಒಗೆಯೋ ಕಲ್ಲು ಮಗುಚಿದ ಬಸಮ್ಮ ಟೀಚರು

ಬಸಮ್ಮ ಟೀಚರು ಯಾರ ಮನೆಗೆ ಹೋದರೂ ಮೊದಲು ಹೋಗುತ್ತಿದ್ದುದು ಹಿತ್ತಲಿಗೆ. ನಡುಮನೆಯಲ್ಲಿ ಚಾಪೆ ಹಾಸಿ, ಕಾಫಿಗೆ ನೀರಿಟ್ಟು ಮನೆಯವರು ಉಪಚಾರಕ್ಕೆ ಶುರುಮಾಡುವಷ್ಟರಲ್ಲೇ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲು ದಾಟಿ, ಒಗೆಯೋ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗಿರುತ್ತಿತ್ತು. ಕಲ್ಲಿನ ಅಡಿಗೆ ಕೈ ತೂರಿಸಿ ಬೆರಳಲ್ಲಿ ತಡವುತ್ತಿದ್ದರು, ಹಸುವಿನ ಹೊಟ್ಟೆ ತಡವಿ ಗಬ್ಬ ನಿಂತಿದೆಯೋ ಇಲ್ಲವೋ ಹೇಳುವವರ ಹಾಗೆ. ಬೆರಳಿಗೆ ಕೆತ್ತನೆಯ ಗೆರೆ ಏನಾದರೂ ಸಿಕ್ಕಿದರೆ ಅವರ ಮುಖ ಅರಳುತ್ತಿರಲಿಲ್ಲ, ಕೆಂಪಗಾಗುತ್ತಿತ್ತು.

"ಏನ್ರೀ ಇದು? ಊರಿಗೋಸ್ಕರ ಸತ್ತೋನ್ನ ಬೋರಲು ಹಾಕಿ, ಅವನ ಬೆನ್ನ ಮೇಲೆ ಚಡ್ಡಿ ಒಗೀತಿದ್ದೀರಲ್ಲ, ನಾಚ್ಕೆ ಆಗಲ್ವಾ?"

ತೀರಿಹೋದವರ ಬಗ್ಗೆ ಬರೆಯುವಾಗ ಕಣ್ಣಲ್ಲಿ ನೀರು ಬರಬೇಕು ಅನ್ನುತ್ತಾರೆ. ನನಗೆ ಬರುತ್ತಿರುವುದು ಕೋಪ. ಅದನ್ನು ಮುಚ್ಚಿಟ್ಟು ಬರೆದರೆ ಅದು ಬಸಮ್ಮ ಟೀಚರ ಬಗ್ಗೆ ಬರೆದಂತೆಯೂ ಆಗುವುದಿಲ್ಲ.

ಅವರು ಅಜ್ಜಂಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಗಂಡನ ಮನೆಯವರು ಹಿಂದೆ ಹತ್ತಿ ವ್ಯಾಪಾರ ಮಾಡುತ್ತಿದ್ದರು. ವ್ಯಾಪಾರ ಹೋಗಿ, ಯಜಮಾನರೂ ಹೋಗಿ, ಕೊನೆಗೆ ಉಳಿದದ್ದು ಉದ್ದಕ್ಕೆ ರೈಲುಡಬ್ಬಿಯ ಹಾಗಿದ್ದ ಒಂದು ಗೋದಾಮು. ಅದರೊಳಗೆ ಅವರು ಊರೂರು ಸುತ್ತಿ ತಂದ ವೀರಗಲ್ಲುಗಳನ್ನು ನಿಲ್ಲಿಸಿದ್ದರು. ಹೊಯ್ಸಳರ ಕಾಲದಲ್ಲಿ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರು, ಊರು ಕಾಯುತ್ತ ಸತ್ತವರು. ಕಲ್ಲಿನ ಕೆಳಗಡೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಕೈಲಾಸ, ನಡುನಡುವಿನ ಪಟ್ಟಿಯಲ್ಲಿ ಅಕ್ಷರ. ಬೋರ್ಡಿನಲ್ಲಿ ‘ವಸ್ತು ಸಂಗ್ರಹಾಲಯ’ ಅಂತ ಬರೆಸಿದ್ದರು. ಊರವರ ಬಾಯಲ್ಲಿ ಮಾತ್ರ ಅದು ‘ಟೀಚರ ಗೋಡೌನು’.

ನಾನು ಕಾನ್ವೆಂಟಿನಲ್ಲಿ ಓದಿದವಳು. ದನಿ ಸ್ವಲ್ಪ ಏರಿದರೂ ಸಿಸ್ಟರ್ ತುಟಿಯ ಮೇಲೆ ಬೆರಳಿಡುತ್ತಿದ್ದರು. ಆ ಬೆರಳು ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ನನ್ನ ಬಾಯಿಂದ ಇಳಿದಿರಲಿಲ್ಲ. ಸೊಪ್ಪಿನವಳ ಹತ್ತಿರವೂ ‘ಪ್ಲೀಸ್’ ಅನ್ನುತ್ತಿದ್ದೆ. "ವಿಮ್ಲಾ, ನೀನು ಬೈದ್ರೂ ಪ್ರಾರ್ಥನೆ ಮಾಡ್ದಂಗೆ ಕೇಳ್ಸುತ್ತೆ ಕಣೇ" ಎಂದು ಟೀಚರು ನಗುತ್ತಿದ್ದರು. ಅವರಿಗೆ ಕೋಪ ಬರುವುದು ನನಗೆ ಮೊದಲೇ ತಿಳಿಯುತ್ತಿತ್ತು. ಸೆರಗಿನ ತುದಿಯನ್ನು ಸಣ್ಣಸಣ್ಣ ನಿರಿಗೆ ಮಾಡಿ ಮಡಚತೊಡಗುತ್ತಿದ್ದರು. ಇನ್ನು ಮಡಚಲು ಬಟ್ಟೆ ಉಳಿಯಲಿಲ್ಲ ಅಂದಾಗ ಬೈಗುಳ ಶುರು.

ಶಿವನಿಯಲ್ಲಿ ಕಮಲಮ್ಮ ಎಂಬವರ ಹಿತ್ತಲಿನ ಕಲ್ಲು ತರಲು ಹೋದಾಗ ನಾನೂ ಜೊತೆಗಿದ್ದೆ. ಕಮಲಮ್ಮ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. "ನಮ್ಮತ್ತೆ ಕಾಲದ್ದು ಅದು. ಕೊಟ್ರೆ ನಾಳೆ ನಾನು ನನ್ನ ತಲೆ ಮೇಲೆ ಒಗೀಲಾ?"

"ನಿನ್ನ ತಲೆ ಇದಕ್ಕಿಂತ ಗಟ್ಟಿ ಐತೆ, ಅಲ್ಲೇ ಒಗೀಬಹುದು" ಎಂದರು ಟೀಚರು. ಆಮೇಲೆ ತಾವು ತಂದಿದ್ದ ಹೊಸ ಚಪ್ಪಡಿಯನ್ನು ಆಟೋದಿಂದ ಇಳಿಸಿ, ಅದು ಅಲುಗದಂತೆ ಮಣ್ಣು ಹೊಡೆಸಿ, ಕೊಳೆ ನೀರು ಹರಿಯಲು ಕಾಲುವೆಯನ್ನೂ ತೆಗೆಸಿದರು. ಹೊಸ ಚಪ್ಪಡಿ ಕೊಡದೆ ಯಾರ ಮನೆಯ ಕಲ್ಲನ್ನೂ ಅವರು ಎತ್ತುತ್ತಿರಲಿಲ್ಲ. ಹಳೇ ಕಲ್ಲನ್ನು ಮಗುಚಿ ನೀರು ಸುರಿದಾಗ, ಬೋರಲು ಬಿದ್ದಿದ್ದಕ್ಕೇ ಉಳಿದಿದ್ದ ಅಕ್ಷರ ಒಂದೊಂದಾಗಿ ಕಪ್ಪಗೆ ಎದ್ದು ಬಂತು. ಟೀಚರು ಬೆರಳಿಟ್ಟು ಓದಿ ಹೇಳಿದರು: ಮಾಚ ಎಂಬವನು ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತ, ಅವನ ತಂಗಿ ಈ ಕಲ್ಲು ನಿಲ್ಲಿಸಿದಳು.

"ತಂಗೀನಾ? ಹೆಂಡ್ತಿ ಅಲ್ವಾ?" ಕಮಲಮ್ಮ ಬಗ್ಗಿ ನೋಡಿದರು. ಒಳಗೆ ಹೋಗಿ ಕುಂಕುಮ ತಂದರು. ಟೀಚರು ಅವರ ಮಣಿಕಟ್ಟು ಹಿಡಿದರು. "ನಿನ್ನ ಹಣೆಗೆ ಇಟ್ಕೋ. ಅವನಿಗೆ ಬೇಡ, ಅಕ್ಷರ ತುಂಬ್ಕೊಂಡ್ಬಿಡುತ್ತೆ."

ಗೋದಾಮಿನ ಸೂರು ತೂತಾಗಿತ್ತು. ಅದನ್ನು ಹೊಸದಾಗಿ ಹೊದಿಸುವುದಕ್ಕೆಂದೇ ‘ಹೊಯ್ಸಳರ ದಿನ’ ಹುಟ್ಟಿದ್ದು. ವರ್ಷಕ್ಕೊಮ್ಮೆ ಕಡೂರು, ತರೀಕೆರೆಯಿಂದೆಲ್ಲ ಜನ ಬರುತ್ತಿದ್ದರು. ಶಾಲೆ ಮಕ್ಕಳು ಕಲ್ಲಿನ ಮೇಲಿನ ಕಥೆಗಳನ್ನು ಆಡುತ್ತಿದ್ದರು. ನಾವು ಬೀದಿಯ ಹೆಂಗಸರು ಕಲ್ಲುಗಳ ಅಚ್ಚು ತೆಗೆದು ಮಾರುತ್ತಿದ್ದೆವು. ಕಲ್ಲಿನ ಮೇಲೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಗೆರೆಯೊಳಕ್ಕೆ ಕೂರಿಸಿ, ಮೇಲೆ ಮಸಿಯುಂಡೆ ಒತ್ತಿದರೆ ಕುದುರೆ, ಬಿಲ್ಲು, ದೇವಕನ್ಯೆಯರ ಜಡೆ ಎಲ್ಲ ಕಪ್ಪಗೆ, ಅಕ್ಷರ ಬೆಳ್ಳಗೆ ಮೂಡುತ್ತಿತ್ತು. ನಾನು ಅದೇ ಜಡೆಗಳನ್ನು ಕಸೂತಿಯಲ್ಲಿ ದಿಂಬಿನ ಕವರಿಗೂ ಇಳಿಸಿದ್ದೆ. ಉಗುರಿನ ಮಸಿ ಹೋಗದೆ ಚಪಾತಿ ಹಿಟ್ಟೆಲ್ಲ ಬೂದು ಬಣ್ಣ. ಮನೆಯವರು, "ಇದೂ ಹೊಯ್ಸಳರ ಕಾಲದ್ದೇನೇ?" ಅನ್ನುತ್ತಿದ್ದರು.

ಮೊದಲ ವರ್ಷ ಮಾಚನ ಕಥೆ ಆಡಿದಾಗ ನಿಜವಾದ ಹಸುಗಳೇ ಬೇಕೆಂದು ಟೀಚರ ಹಟ. ಪಕ್ಕದ ಬೀದಿಯಿಂದ ಮೂರು ಹಸು ಬಂದವು. ಶತ್ರುಗಳು ಹೋ ಎಂದು ಅಟ್ಟಿದ್ದೇ ತಡ, ಹಸುಗಳು ಸೀದಾ ತಮ್ಮ ಮನೆಗೆ ಹೊರಟುಹೋದವು. ಹಿಂದೆ ಓಡಿದ ಶತ್ರುಗಳೂ ವಾಪಸು ಬರಲಿಲ್ಲ. ಬಿಡಿಸಿಕೊಂಡು ಬರಲು ದನವಿಲ್ಲ, ಕಾದಾಡಲು ವೈರಿಯಿಲ್ಲ. ಮಾಚನ ವೇಷದ ಹುಡುಗ ಕತ್ತಿ ಹಿಡಿದು ಪೆಚ್ಚಾಗಿ ನಿಂತ. ಟೀಚರು ಮೈಕು ಕಿತ್ತುಕೊಂಡು ಬೆರಳೆತ್ತಿ ಕೂಗಿದರು: "ಲೇ, ಹಸು ಮನೆಗೋಯ್ತು ಅಂತ ನೀನು ಸಾಯೋದು ಬಿಡ್ತೀಯೇನೋ? ಬೀಳೋ! ನಿನ್ನ ತಂಗಿ ಕಲ್ಲು ಹಿಡ್ಕೊಂಡು ಕಾಯ್ತಾವ್ಳೆ!" ಅವನು ದೊಪ್ಪನೆ ಬಿದ್ದ. ಆ ಗಳಿಗೆಯಲ್ಲಿ ನಾನು ಫೋನಿನಲ್ಲಿ ಅವರದೊಂದು ಫೋಟೋ ತೆಗೆದೆ.

ದುಡ್ಡು ಕೊಡುವವರಿಗೆ ರಸೀತಿ ಬೇಕಲ್ಲ. ಹಾಗಾಗಿ ಒಂದು ಸಮಿತಿ ಆಯಿತು. ಅಧ್ಯಕ್ಷ ನಾಗರಾಜ. ಕಂಟ್ರಾಕ್ಟರು, ಟೀಚರ ಹಳೇ ಶಿಷ್ಯ. ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಒಂದು ಸಲ ಬೈದು ಕೈತೊಳೆದುಕೊಳ್ಳಬಹುದಿತ್ತು.

ಮೂರನೇ ವರ್ಷ ಯಾರೋ ದೊಡ್ಡವರು ಅತಿಥಿಗಳಾಗಿ ಬರುವವರಿದ್ದರು. ಟೀಚರು ಕರೆಯೋಲೆ ಹಂಚಲು ಲಿಂಗದಹಳ್ಳಿ ಕಡೆ ಹೋಗಿದ್ದರು. ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ಅಚ್ಚುಗಳನ್ನು ತೂಗುಹಾಕಲು ನಾನು ಗೋದಾಮಿಗೆ ಹೋದರೆ, ಹೊಸ್ತಿಲಿನ ಕೆಳಗಿಂದ ಅಕ್ಕಿ ತೊಳೆದ ನೀರಿನಂಥ ಬೂದು ನೀರು ಚರಂಡಿಗೆ ಹರಿಯುತ್ತಿತ್ತು. ಒಳಗೆ ಮೆಷಿನ್ನಿನ ಸದ್ದು. ಎಲ್ಲಕ್ಕೂ ಮುಂದೆ ನಿಲ್ಲಿಸಿದ್ದ ಮಾಚನ ಕಲ್ಲು, ಹಿಂದೆ ಮುಂದೆ ಎರಡೂ ಕಡೆ, ಹೊಸ ಮನೆಯ ಅಡುಗೆಕಟ್ಟೆಯ ಹಾಗೆ ಹೊಳೆಯುತ್ತಿತ್ತು. ಅಕ್ಷರ ಒಂದೂ ಇರಲಿಲ್ಲ. ಕುದುರೆಗೆ ಮುಖವಿರಲಿಲ್ಲ. ನಾನು ದಾಟಿಕೊಂಡು ಬಂದ ಆ ನೀರಿನಲ್ಲೇ ಎಲ್ಲ ಹರಿದುಹೋಗಿತ್ತು.

"ಹೆಂಗೈತೆ ಅಕ್ಕಾ?" ನಾಗರಾಜನಿಗೆ ಖುಷಿಯೋ ಖುಷಿ. "ಎಷ್ಟು ಗಲೀಜಿತ್ತು. ಸೂರಿನ ದುಡ್ಡಲ್ಲೇ ಮಾಡ್ಸ್ದೆ. ಗೆಸ್ಟು ಬಂದಾಗ ಚೆನ್ನಾಗಿ ಕಾಣ್ಬೇಕಲ್ಲ! ಮಿಕ್ಕಿದ್ದು ಮಧ್ಯಾಹ್ನದೊಳಗೆ ಮುಗಿಸ್ತಾರೆ."

ನಾನು ಕಿರುಚಲಿಲ್ಲ. ಮೆಷಿನ್ನಿನ ವೈರನ್ನು ಪ್ಲಗ್ಗಿನಿಂದ ಕಿತ್ತು, ಟೀಚರಿಗೆ ಫೋನು ಮಾಡಿದೆ.

ಅವರು ಬಂದವರು ಕಲ್ಲಿನ ಮೇಲೆ ಅಂಗೈಯಾಡಿಸಿದರು. ಸೆರಗು ಮಡಚಲೇ ಇಲ್ಲ.

"ಅಚ್ಚು ಐತಲ್ಲ ಮೇಡಂ. ವಿಮಲಕ್ಕ ಎಷ್ಟೊಂದು ತೆಗ್ದವ್ರೆ" ಎಂದ ನಾಗರಾಜ.

"ನಿಮ್ಮಪ್ಪಂದು ಫೋಟೋ ಐತೆ ಅಂತ ಅಪ್ಪನ್ನ ಒದ್ದು ಆಚೆಗಾಕ್ತೀಯೇನೋ?" ಗೋದಾಮಿನ ತಗಡುಗಳು ಅದುರಿದ ಹಾಗಾಯಿತು. "ಬಟ್ಟೆ ಒಗ್ದೋರ ಕೈಲಿ ಇಷ್ಟು ಕಾಲ ಉಳಿದಿತ್ತು ಕಣೋ. ಹಿತ್ತಲಲ್ಲಿ ಉಳಿದಿತ್ತು. ನಾನು ಮ್ಯೂಸಿಯಮ್ಮಿಗೆ ತಂದು ಸಾಯಿಸ್ದೆ!"

ಆ ವರ್ಷ ಕಾರ್ಯಕ್ರಮ ನಡೆಯಲಿಲ್ಲ. ಊರಲ್ಲಿ ಎಲ್ಲರೂ ಆಡಿದ್ದು ಪಾಲಿಶಿನ ಮಾತಲ್ಲ, ಟೀಚರ ಬಾಯಿಯ ಮಾತು. ‘ಪಾಪ, ಅಷ್ಟು ಖರ್ಚು ಮಾಡಿ ಕ್ಲೀನ್ ಮಾಡಿಸಿದ. ಕಾರ್ಯಕ್ರಮ ನಿಲ್ಲಿಸಿ ದೊಡ್ಡ ಮನುಷ್ಯರ ಮುಂದೆ ಮರ್ಯಾದೆ ತೆಗೆದುಬಿಟ್ಟರು.’ ಇದನ್ನು ನನಗೆ ಹೇಳಿದವರು ನಮ್ಮ ಜೊತೆ ಕೂತು ಅಚ್ಚು ತೆಗೆದಿದ್ದ ಹೆಂಗಸರೇ. ತಪ್ಪು ಮಾಡಿದವನ ಮನಸ್ಸು ನೋಡಬೇಕಂತೆ, ಬೈದವರ ದನಿ ನೋಡಬೇಕಂತೆ. ಆ ಮಾತು ಕೇಳಿ ಮನೆಗೆ ಬಂದು ನಾನು ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ.

ಒಂದು ವಾರದ ಮೇಲೆ ಟೀಚರು ಟ್ರ್ಯಾಕ್ಟರು ತರಿಸಿದರು. ಎಲ್ಲ ಕಲ್ಲುಗಳನ್ನೂ ಅವರವರ ಹಿತ್ತಲಿಗೆ ವಾಪಸು ಕೊಡುವುದೆಂದು ತೀರ್ಮಾನಿಸಿದ್ದರು. ಮೊದಲು ಮಾಚನ ಕಲ್ಲು, ಜೊತೆಗೆ ಅಂತರಘಟ್ಟೆಯದೊಂದು. ನಾನೂ ಟ್ರೇಲರಿನಲ್ಲಿ ಕಲ್ಲು ಹಿಡಿದು ಕೂತು ಶಿವನಿಗೆ ಹೋದೆ. ಕಮಲಮ್ಮ ಮಾಚನ ಕಲ್ಲಿನ ಮೇಲೆ ಕೈಯಾಡಿಸಿದರು, ಹಿಂದೆ ಮುಂದೆ ಬಗ್ಗಿ ನೋಡಿದರು.

"ತಂಗಿ ಹೆಸ್ರು ಎಲ್ಲೋಯ್ತು?"

ಟೀಚರು ಅಕ್ಷರವಿದ್ದ ಜಾಗಕ್ಕೆ ಬೆರಳಿಟ್ಟರು.

"ಇದನ್ನ ತಂದು ನನಗ್ಯಾಕೆ ಕೊಡ್ತೀರಿ? ಈ ಪಾಟಿ ನುಣ್ಣಗಾಗೈತೆ. ಬಟ್ಟೆ ಇಟ್ರೆ ಜಾರಿ ಚರಂಡಿಗೋಗುತ್ತೆ. ಇತ್ಲಾಗೆ ಓದಕ್ಕೂ ಇಲ್ಲ, ಅತ್ಲಾಗೆ ಒಗೆಯಕ್ಕೂ ಇಲ್ಲ."

ಟೀಚರು ಆ ಕಲ್ಲಿನ ಮೇಲೆಯೇ ಕೂತುಬಿಟ್ಟರು. "ಮಿಕ್ಕಿದ್ದನ್ನಾದ್ರೂ ಹಾಳಾಗೋಕೆ ಮುಂಚೆ ಕೊಟ್ಬಿಡ್ತೀನಿ. ಅಂತರಘಟ್ಟೆಗೆ ನಡೀರಿ" ಎಂದರು.

ನನಗೆ ಅಷ್ಟು ಕೋಪ ಎಲ್ಲಿಂದ ಬಂತೋ ಕಾಣೆ. "ಹಾಗಾದ್ರೆ ನಾವೆಲ್ಲ ಮಾಡಿದ್ದು ಏನಕ್ಕೆ ಟೀಚರ್?" ಎಂದೆ. ನನ್ನ ದನಿಗೆ ಟ್ರ್ಯಾಕ್ಟರಿನವನು ತಿರುಗಿ ನೋಡಿದ. "ಅವನೊಬ್ಬ ಒಂದು ಕಲ್ಲು ಉಜ್ಜಿದ. ನೀವು ಎಲ್ಲಾನೂ ಬೋರಲು ಹಾಕ್ತಾ ಇದ್ದೀರ. ಅವನಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತು! ಒಂದೊಂದು ಹಿತ್ತಲಲ್ಲೂ ನಾಚ್ಕೆ ಆಗಲ್ವಾ ಅಂತ ಕೇಳ್ತಿದ್ರಲ್ಲ, ಈಗ ನಾನು ಕೇಳ್ತೀನಿ, ನಿಮಗೆ ಆಗಲ್ವಾ?"

ಅವರು ನನ್ನನ್ನೇ ನೋಡಿದರು. ಕನ್ನಡಕದ ಮುರಿದ ಕಾಲಿಗೆ ಸುತ್ತಿದ್ದ ದಾರ ಬಿಚ್ಚಿ ಕೆನ್ನೆಯ ಮೇಲೆ ಜೋತಾಡುತ್ತಿತ್ತು. ಅದನ್ನು ಕಿವಿಯ ಹಿಂದೆ ಸಿಕ್ಕಿಸಿ, "ಪ್ಲೀಸ್ ಅನ್ನೋದು ಮರ್ತೆಯಲ್ಲೇ" ಎಂದು ಎದ್ದರು. ಟ್ರ್ಯಾಕ್ಟರು ಅಜ್ಜಂಪುರಕ್ಕೇ ತಿರುಗಿತು. ಮಾಚನ ಕಲ್ಲನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿ, ಅದರ ಕೆಳಗೆ ‘ಇದನ್ನು ಹೀಗೆ ಮಾಡಿದವರು ನಾವೇ’ ಎಂದು ತಮ್ಮ ಗುಂಡು ಅಕ್ಷರದಲ್ಲಿ ಬರೆದಿಟ್ಟರು. ನಾಗರಾಜನಿಗೆ ಅದೇ ದೊಡ್ಡ ಅವಮಾನವಾಯಿತು.

ಮುಂದಿನ ಚಳಿಗಾಲದಲ್ಲಿ ಟೀಚರು ಹೋಗಿಬಿಟ್ಟರು. ನಿದ್ದೆಯಲ್ಲೇ, ಯಾರಿಗೂ ಬೈಯದೆ.

ಸಂತಾಪ ಸಭೆ ಗೋದಾಮಿನಲ್ಲೇ ನಡೆಯಿತು. ಸೂರಿನ ತೂತುಗಳಿಂದ ಬಿಸಿಲು ಕಾಸಿನಗಲ ಬೀಳುತ್ತಿತ್ತು. ಮೇಜಿನ ಮೇಲೆ ಹೂವಿನ ಹಾರ ಹಾಕಿದ ದೊಡ್ಡ ಫೋಟೋ. ಮಾತಾಡಿದವರೆಲ್ಲ ಒಂದೇ ಮಾತಾಡಿದರು: "ಸ್ವಲ್ಪ ಕೋಪ ಜಾಸ್ತಿ. ಅದೊಂದು ಬಿಟ್ರೆ ಚಿನ್ನದಂಥ ಹೆಂಗಸು." ಕೊನೆಗೆ ನಾಗರಾಜ ಎದ್ದ. ನಿಜವಾಗಿಯೂ ಅಳುತ್ತಿದ್ದ. ಮೇಡಂ ನೆನಪು ಶಾಶ್ವತವಾಗಿರಬೇಕು, ಅದಕ್ಕೆ ಉಳಿದ ಕಲ್ಲುಗಳನ್ನೆಲ್ಲ ತನ್ನ ಹೊಸ ಕಲ್ಯಾಣ ಮಂಟಪದ ಬಾಗಿಲಿನ ಎರಡೂ ಕಡೆ ಸಾಲಾಗಿ ನಿಲ್ಲಿಸುತ್ತೇನೆ, ಒಂದು ಕೈ ಪಾಲಿಶು ಕೊಡಿಸಿ, ಲೈಟು ಹಾಕಿಸುತ್ತೇನೆ ಎಂದ. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. "ಆಗಲ್ಲ."

"ಅಕ್ಕಾ, ಆಮೇಲೆ ಕೂತು ಮಾತಾಡಣ..."

"ಕೂರಲ್ಲ. ಕೋಪ ಒಂದು ಬಿಟ್ರೆ ಅಂದ್ರಲ್ಲ ಎಲ್ಲರೂ, ಅದನ್ನ ಬಿಟ್ಟಿದ್ರೆ ಈ ಗೋಡೌನಲ್ಲಿ ಇವತ್ತು ಹತ್ತಿ ಬೀಜಾನೂ ಇರ್ತಿರಲಿಲ್ಲ. ಒಂದೊಂದು ಕಲ್ಲೂ ಅವರು ಬೈದು ತಂದಿದ್ದು. ಕೊಟ್ಟೋರು ಅವರ ಮುಖ ನೋಡಿ ಕೊಟ್ಟಿದ್ದು, ಸಮಿತಿಗಲ್ಲ. ಬೇಕಿದ್ರೆ ಕೇಳಿ!"

ಹಿಂದಿನ ಸಾಲಿನಲ್ಲಿ ಶಿವನಿಯ ಕಮಲಮ್ಮ ಎದ್ದರು. "ನನ್ನ ಕಲ್ಲು ಎಲ್ಲೂ ಬರಲ್ಲ ಕಣಪ್ಪ. ಒಂದ್ಸಲ ನೀನು ನೋಡ್ಕೊಂಡಿದ್ದು ಸಾಕು." ಅವರ ಪಕ್ಕ ಅಂತರಘಟ್ಟೆಯಿಂದ ಬಂದವರು ಎದ್ದರು. ಆಮೇಲೆ ಇನ್ನಿಬ್ಬರು. ನಾಗರಾಜ ಮೈಕನ್ನು ಮೇಜಿನ ಮೇಲಿಟ್ಟ. ಕಲ್ಲುಗಳು ನಿಂತಲ್ಲೇ ಉಳಿದವು.

ಜನವೆಲ್ಲ ಹೋದ ಮೇಲೆ ನಾನು ಆ ಫೋಟೋದ ಹತ್ತಿರ ಹೋಗಿ ನೋಡಿದೆ. ಸ್ಟುಡಿಯೋದಲ್ಲಿ ಹಣೆಯ ಗೆರೆಗಳನ್ನು ಅಳಿಸಿದ್ದರು. ಮೂಗಿನ ಪಕ್ಕದ ನರಹುಲಿ ತೆಗೆದಿದ್ದರು. ತುಟಿಯ ತುದಿಗಳನ್ನು ಮೇಲಕ್ಕೆಳೆದು ನಗಿಸಿದ್ದರು. ಕೆನ್ನೆ ಹೊಳೆಯುತ್ತಿತ್ತು. ಅವರನ್ನೂ ಬಿಟ್ಟಿರಲಿಲ್ಲ.

ಹಾರ ತೆಗೆದು ಅದನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ. ಹಸು ಓಡಿಹೋದ ದಿನ ಫೋನಿನಲ್ಲಿ ತೆಗೆದದ್ದನ್ನು ದೊಡ್ಡದು ಮಾಡಿಸಿ, ಬಾಗಿಲಿಗೆ ಎದುರಾಗಿ ಹಾಕಿದ್ದೇನೆ. ಕೂದಲು ಕೆದರಿದೆ, ಬೆರಳು ಮೇಲೆದ್ದಿದೆ, ಬಾಯಿ ಪೂರ್ತಿ ತೆರೆದಿದೆ. ಒಳಗೆ ಬರುವವರು ಯಾರೂ ಹೇಳದಿದ್ದರೂ ಚಪ್ಪಲಿ ಹೊರಗೆ ಬಿಡುತ್ತಾರೆ.