ಕಾಮಾಲೆ ಅಂದವಳು ನಾನೇ

ಮೊನ್ನೆ ಹಿತ್ತಲಲ್ಲಿ ಕಳೆ ಕೀಳುವಾಗ ನೆಲನೆಲ್ಲಿ ಜಜ್ಜಿಹೋಗಿ ಅದರ ಹಸಿ ಕಹಿ ವಾಸನೆ ಬೆರಳಿಗೆ ಹತ್ತಿತು. ಹೊನ್ನಾವರದ ನಮ್ಮ ಮನೆಗೆ ಮೀನು ತರುತ್ತಿದ್ದ ಅಕ್ಕನ ಬಾಯಿಂದ ಹಿಂದೊಮ್ಮೆ ಮೂರು ದಿನ ಇದೇ ವಾಸನೆ ಬರುತ್ತಿತ್ತು...

ಅಕ್ಕನ ಬಾಯಿ ಜೋರು. ಬಂಗುಡೆಗೆ ಚೌಕಾಸಿ ಮಾಡಿದರೆ, "ನೀನೇ ಸಮುದ್ರಕ್ಕೆ ಇಳಿ ತಂಗಿ, ಪುಕ್ಕಟೆ ಸಿಗ್ತದೆ" ಅನ್ನುತ್ತಿದ್ದಳು. ಅವಳು ಕಣ್ಣಿನ ಪೊರೆ ತೆಗೆಸಲು ಹೋದಾಗ, ಆಪರೇಷನ್ನಿಗೆ ಮೊದಲಿನ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಕಂಡಿತು. ಪರೀಕ್ಷೆ ಮಾಡಿದವಳು ನಾನೇ. ಆ ಆಸ್ಪತ್ರೆಯ ಲ್ಯಾಬಿನಲ್ಲಿ ಆಗಲೂ ಈಗಲೂ ನನ್ನ ಕೆಲಸ. ಮೊದಲ ಹೆರಿಗೆಯಲ್ಲಿ ಏರಿಸಿದ ರಕ್ತದಿಂದ ಬಂದಿರಬಹುದು, ಇನ್ನೊಂದು ಪರೀಕ್ಷೆ ಮಾಡಿಸಿ ಮೂರು ತಿಂಗಳು ಮಾತ್ರೆ ತಗೊಂಡರೆ ಗುಣವಾಗುತ್ತದೆ ಎಂದರು ಡಾಕ್ಟರು.

ಹೊರಗೆ ಬಂದು ಅಕ್ಕ ನನ್ನ ಕೈ ಹಿಡಿದಳು. "ಈ ಹೆಸ್ರು ಗೊತ್ತಾದ್ರೆ ನನ್ನ ಮೀನು ಯಾರು ತಕಂತಾರೆ ತಂಗಿ?"

ಮೀನು ಮಾರಿದರೆ ಇದು ಯಾರಿಗೂ ಹರಡುವುದಿಲ್ಲ ಎಂದು ನಾಲ್ಕು ಜನರೆದುರು ಹೇಳಬಹುದಿತ್ತು. ನಾನೋ ದೊಡ್ಡ ಉಪಕಾರಿ! "ಕೇಳಿದವರಿಗೆ ಕಾಮಾಲೆ ಅಂದ್ಬಿಡು ಅಕ್ಕ" ಅಂದೆ.

ನಮ್ಮ ಕಡೆ ಕಾಮಾಲೆ ಅಂದಮೇಲೆ ಆಸ್ಪತ್ರೆಯ ಮಾತೇ ಇಲ್ಲ. ಕೇರಿಯವರೇ ಅವಳನ್ನು ಮದ್ದು ಕೊಡುವವರ ಮನೆಗೆ ಕರೆದೊಯ್ದರು. ಮೂರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲಿನಲ್ಲಿ ನೆಲನೆಲ್ಲಿಯ ರಸ. ಆಮೇಲೆ ನಲವತ್ತು ದಿನ ಉಪ್ಪು, ಎಣ್ಣೆ, ಮೀನು ತಿನ್ನುವಂತಿಲ್ಲ. ತಲೆಯ ಮೇಲೆ ಮೀನು ಹೊತ್ತುಕೊಂಡು ಬರೀ ಗಂಜಿ ಕುಡಿದಳು, ಪಾಪ. ಪಥ್ಯ ಮುಗಿದ ದಿನ ನಗುತ್ತ ಬಂದಳು. "ಆತು ತಂಗಿ, ಇಳೀತು. ಇನ್ನು ಮಾತ್ರೆ ಎಂತಕ್ಕೆ?"

ಒಮ್ಮೆ ಪರೀಕ್ಷೆ ಮಾಡಿಸೋಣ ಅಂದೆ. ನಾಡಿದ್ದು ಅಂದಳು. ಬಾಗಿಲಿಗೆ ಬರುವವಳ ಹತ್ತಿರ ಯಾಕೆ ನಿಷ್ಠುರ ಎಂದು ನಾನೂ ಮತ್ತೆ ಕೇಳಲಿಲ್ಲ...

ಕೆಲವು ವರ್ಷಗಳ ಮೇಲೆ ಅವಳ ಹೊಟ್ಟೆಯಲ್ಲಿ ನೀರು ತುಂಬಿತು. ಲಿವರ್ ಪೂರ್ತಿ ಕೆಟ್ಟಿತ್ತು. ದೋಣಿಗಳೆಲ್ಲ ದಡದಲ್ಲಿದ್ದ ಮಳೆಗಾಲದಲ್ಲಿ ತೀರಿಕೊಂಡಳು. ಅಕ್ಕ ಬದುಕಬಹುದಿತ್ತು. ಇದನ್ನು ಇಷ್ಟು ದಿನ ನಾನು ಯಾರಿಗೂ ಹೇಳಿರಲಿಲ್ಲ.

ಈಗ ಅವಳ ಕಿರಿಮಗಳು ಮೀನು ತರುತ್ತಾಳೆ. ತಾಯಿಗೆ ಕಾಮಾಲೆ ತಿರುಗಿ ಬಂದಿತ್ತು ಎಂದೇ ನಂಬಿದ್ದಳು. ಮೊನ್ನೆ ಅವಳನ್ನು ಜಗಲಿಯಲ್ಲಿ ಕೂರಿಸಿ ರೋಗದ ಹೆಸರು ಹೇಳಿದೆ. ತಾಯಿಯಿಂದ ಮಗುವಿಗೂ ಬಂದಿರಬಹುದು, ನೀನೂ ಪರೀಕ್ಷೆ ಮಾಡಿಸಿಕೊ ಎಂದೆ.

"ಆಯಿಗೆ ಇದೇ ಆಗಿದ್ದು ಅಂತ ನಿಮಗೆ ಆಗಲೇ ಗೊತ್ತಿತ್ತಾ ಚಿಕ್ಕಿ?"

"ಗೊತ್ತಿತ್ತು."

ಮರುದಿನ ಲ್ಯಾಬಿಗೆ ಬಂದಳು. ನಾನು ಸಿರಿಂಜ್ ತೆಗೆದುಕೊಂಡು ಎದ್ದೆ. ಅವಳು ನನ್ನನ್ನು ದಾಟಿ ಹೋಗಿ, ಪಕ್ಕದ ಮೇಜಿನ ಹುಡುಗಿಯ ಮುಂದೆ ಕೂತು ತೋಳು ಚಾಚಿದಳು.